ಜೀಪಿನ ಬ್ಯಾಟರಿಯಲ್ಲಿ ಕಂಡ ಗುಡ್ಡದ ಭೂತ

ಕರೆಂಟು ಹೋಗಿದೆ. ‘ಗುಡ್ಡದ ಭೂತ’ಕ್ಕೆ ಇನ್ನು ಕಾಲು ಗಂಟೆ ಬಾಕಿ.

ತೀರ್ಥಹಳ್ಳಿ ಸೀಮೆಯ ಹೆಂಚಿನ ಮನೆ, 1990ರ ಆಸುಪಾಸು. ಜಗಲಿಯಲ್ಲಿ ಲಾಟೀನು ಉರಿಯುತ್ತಿದೆ. ಕೊಟ್ಟಿಗೆ ಪಕ್ಕದಲ್ಲಿ ನಿಂತ ಜೀಪಿನ ಬಾನೆಟ್ಟು ಎತ್ತಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಚಿಕ್ಕಪ್ಪ ಬ್ಯಾಟರಿ ಬಿಚ್ಚುತ್ತಿದ್ದಾರೆ. ಪಕ್ಕದಲ್ಲಿ ಸ್ಪ್ಯಾನರುಗಳನ್ನು ಹಿಡಿದು ನಿಂತಿರುವ ಹುಡುಗ ನೀವು. ಹತ್ತು-ಹನ್ನೊಂದರ ಸ್ಪ್ಯಾನರ್ ಕೊಡು ಎಂದು ಅವರು ಕೈಸನ್ನೆ ಮಾಡಿದರೆ ನಿಮ್ಮ ಕೈ ಗಡಿಬಿಡಿಯಲ್ಲಿ ಬೇರೆಯದನ್ನೇ ಎತ್ತುತ್ತದೆ.

ಒಳಗಿನಿಂದ ಅಜ್ಜಿಯ ದನಿ: “ಎಂತ ಆಯ್ತೋ? ಶುರುವಾಗಿ ಹೋಯ್ತಾ?”

“ಇಲ್ಲ ಅಮ್ಮ, ಬಂದೆ ಬಂದೆ,” ಎನ್ನುತ್ತ ಚಿಕ್ಕಪ್ಪ ಬ್ಯಾಟರಿಯನ್ನು ಎದೆಗೆ ಆನಿಸಿಕೊಂಡು ಮೆಟ್ಟಿಲು ಹತ್ತುತ್ತಾರೆ. ಆಸಿಡ್ ತುಳುಕಿ ಅಂಗಿಗೆ ತಾಗಿದರೆ ನಾಳೆ ಅಲ್ಲೊಂದು ತೂತು ಖಂಡಿತ. ಇವತ್ತು ಆ ಚಿಂತೆ ಯಾರಿಗೂ ಇಲ್ಲ. ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಟಿ.ವಿ.ಯ ಹಿಂಬದಿಯಿಂದ ಎರಡು ವೈರು ಇಳಿಬಿದ್ದಿವೆ. ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ತಪ್ಪಿದರೆ ಟಿ.ವಿ.ಯೇ ಹೋದೀತು ಎಂದು ಚಿಕ್ಕಪ್ಪ ಲಾಟೀನು ಹತ್ತಿರ ತರಿಸಿ ಎರಡೆರಡು ಸಲ ನೋಡುತ್ತಾರೆ. ಕ್ಲಿಪ್ಪು ಕಚ್ಚಿದಾಗ ಸಣ್ಣದೊಂದು ಕಿಡಿ ಹಾರುತ್ತದೆ. ಪರದೆ ತುಸು ತಡೆದು ಬೆಳಗುತ್ತದೆ.

ಮೊದಲು ಕಾಣುವುದು ಬರೀ ಚುಕ್ಕೆ. ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ಎರಡು ಬಿದಿರ ಗಳು ಜೋಡಿಸಿ ನಿಲ್ಲಿಸಿದ ಆಂಟೆನಾ ಇದೆ. ಅಲ್ಲಿಂದ ಅಡಿಕೆ ತೋಟದ ತಲೆಯ ಮೇಲೆ ಚಪ್ಪಟೆ ವೈರು ಹಾದು ಬಂದಿದೆ. ದುರ್ಬಲ ಸಿಗ್ನಲ್ಲಿಗೆ ಬಲ ಕೊಡುವ ಬೂಸ್ಟರು ನಡೆಯುವುದು ಮನೆಯ ಕರೆಂಟಿನಲ್ಲಿ, ಆ ಕರೆಂಟೇ ಈಗ ಇಲ್ಲ. ಹಾಗಾಗಿ ಇವತ್ತಿನ ಭೂತ ಚುಕ್ಕೆಗಳ ಮಂಜಿನೊಳಗಿಂದಲೇ ಬರಬೇಕು. ಒಂದು ಲೆಕ್ಕದಲ್ಲಿ ಅದಕ್ಕೆ ಅದೇ ತಕ್ಕ ವೇಷ.

ಶೀರ್ಷಿಕೆ ಗೀತೆ ಶುರುವಾಯಿತು. ಮಾತು ನಿಂತಿತು. ಅರ್ಥವಿಲ್ಲದ ಒಂದು ಪಲುಕು ಮತ್ತೆ ಮತ್ತೆ ಬರುವ ಆ ಧಾಟಿ ಕೇಳಿದ್ದೇ ಮುಂದಿನ ಸಾಲಿನ ಮಕ್ಕಳು ಹಿಂದೆ ಹಿಂದೆ ಸರಿದು ದೊಡ್ಡವರ ಮಡಿಲು ಹುಡುಕುತ್ತಾರೆ. ನೀವು ಅಜ್ಜಿಯ ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ನೂಲಿನ ಎಡೆಯಿಂದ ಪರದೆ ನೋಡುತ್ತೀರಿ. ಹೆದರಿಕೆ ಇದೆ, ಕಣ್ಣು ಮುಚ್ಚಲು ಮನಸ್ಸಿಲ್ಲ.

ಸದಾನಂದ ಸುವರ್ಣ ನಿರ್ದೇಶಿಸಿದ ಧಾರಾವಾಹಿ ಇದು. ಮುಂಬೈಯ ಕನ್ನಡ ರಂಗಭೂಮಿಯಲ್ಲಿ ಪಳಗಿದವರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರೂ ಅವರೇ. ಮುಖ್ಯ ಪಾತ್ರದಲ್ಲಿರುವ ಹುಡುಗ ಪ್ರಕಾಶ್ ರೈ. ಅವರು ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎಂಬುದು ಈ ಜಗಲಿಯಲ್ಲಿ ಯಾರಿಗೂ ತಿಳಿದಿಲ್ಲ. ತುಳುನಾಡಿನ ಊರು, ಅಲ್ಲಿನ ಗುಡ್ಡ, ಅಲ್ಲಿನ ಮನೆಗಳು. ಘಟ್ಟದ ಮೇಲಿನ ನಮಗೂ ಇವು ಪರಕೀಯವಲ್ಲ. ನಮ್ಮ ತೋಟದ ಮೂಲೆಯಲ್ಲೂ ಚೌಡಿಯ ಕಲ್ಲಿದೆ, ಕಾನಿನಲ್ಲಿ ಭೂತಪ್ಪನ ಬನವಿದೆ. ಧಾರಾವಾಹಿ ಮುಗಿದ ಮೇಲೆ ಬಚ್ಚಲಿಗೆ ಹೋಗಲು ಅಂಗಳ ದಾಟಬೇಕಾದ ಮಕ್ಕಳಿಗೆ ಇದೆಲ್ಲ ಒಟ್ಟಿಗೇ ನೆನಪಾಗುತ್ತದೆ.

ಈಗ ಸ್ವಲ್ಪ ತಲೆ ತಿರುಗಿಸಿ ಕಿಟಕಿ ಕಡೆ ನೋಡಿ. ಸರಳುಗಳ ಆಚೆ, ಅಂಗಳದ ಕತ್ತಲಲ್ಲಿ ಏಳೆಂಟು ಮುಖಗಳು ಪರದೆಯ ಬೆಳಕಿಗೆ ಮಿನುಗುತ್ತಿವೆ. ತೋಟದ ಕೆಲಸದವರು, ಅವರ ಮಕ್ಕಳು. ಕಂಬಳಿ ಕೊಪ್ಪೆ ಹೊದ್ದು ನಿಂತೇ ನೋಡುತ್ತಿದ್ದಾರೆ. ಆ ಕಾಲದ ಟಿ.ವಿ.ಯನ್ನು ನೆನೆಯುವಾಗ ಊರಿಗೆ ಊರೇ ಒಂದಾಗಿ ಕೂತು ನೋಡುತ್ತಿತ್ತು ಎನ್ನುತ್ತೇವೆ. ಒಂದಾಗಿ ನೋಡಿದ್ದು ನಿಜ. ಕೂತವರು ಯಾರು, ನಿಂತವರು ಯಾರು ಎಂಬುದೂ ಅಷ್ಟೇ ನಿಜ. ನಿಮ್ಮದೇ ತರಗತಿಯ ಹುಡುಗನೊಬ್ಬ ಆ ಸರಳಿಗೆ ಹಣೆ ಒತ್ತಿ ನಿಂತಿದ್ದಾನೆ, ಒಳಗೆ ಬಾ ಎಂದು ಯಾರೂ ಕರೆದಿಲ್ಲ. ನೆನಪು ಎಷ್ಟೇ ಸಿಹಿಯಾಗಿರಲಿ, ಆ ಕಿಟಕಿಯನ್ನು ಅದರೊಳಗಿಂದ ತೆಗೆದು ಹಾಕಬಾರದು ಎಂದೇ ನಾನು ತಿಳಿದಿದ್ದೇನೆ.

ಕೊನೆಯ ಐದು ನಿಮಿಷ. ಬ್ಯಾಟರಿ ಸೋಲುತ್ತಿದೆ. ಚಿತ್ರ ನಾಲ್ಕೂ ಅಂಚಿನಿಂದ ಒಳಗೆ ಸರಿಯುತ್ತ, ಪರದೆಯ ಸುತ್ತ ಕಪ್ಪು ಚೌಕಟ್ಟು ಅಗಲವಾಗುತ್ತಿದೆ. ಹದಿನಾಲ್ಕು ಇಂಚು ಹತ್ತಾಯಿತು, ಎಂಟಾಯಿತು. “ತಡಿ ಮಾರಾಯ, ಇನ್ನೊಂಚೂರು ತಡಿ,” ಎಂದು ಚಿಕ್ಕಪ್ಪ ಬ್ಯಾಟರಿಗೇ ಹೇಳುತ್ತಿದ್ದಾರೆ. ನಾಳೆ ಬೆಳಿಗ್ಗೆ ಜೀಪನ್ನು ಇಳಿಜಾರಿನಲ್ಲಿ ನಾಲ್ಕು ಜನ ತಳ್ಳಿಯೇ ಸ್ಟಾರ್ಟ್ ಮಾಡಬೇಕು.

ಇಲ್ಲಿಂದ ಮೂರ್ನಾಲ್ಕು ವರ್ಷ ಹಿಂದಕ್ಕೆ ಹೋಗೋಣ. ಅದೇ ಜಗಲಿ, ಅದೇ ಟಿ.ವಿ. ಇವತ್ತು ಕರೆಂಟಿದೆ. ದಿಲ್ಲಿಯ ಕಾರ್ಯಕ್ರಮ. ವಾರ್ತೆ ಓದುವವರ ಹಿಂದಿ ನಮಗೆ ಅರ್ಧವೂ ತಿಳಿಯದು. ಅಷ್ಟರಲ್ಲಿ ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರ. ‘ಮಾಲ್ಗುಡಿ ಡೇಸ್’. ಹೆಂಚಿನ ಮಾಡು, ಮರದ ಕಂಬದ ಜಗಲಿ, ಮಳೆಗೆ ಪಾಚಿಗಟ್ಟಿದ ಪಾಗಾರ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗುತ್ತಾರೆ.

“ಇದು ನಮ್ಮ ಆಗುಂಬೆ ಪೇಟೆ ಅಲ್ವನೋ?”

ಹೌದು. ಅದೇ ಪೇಟೆ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಕಟ್ಟಿದ, ಯಾವ ನಕಾಶೆಯಲ್ಲೂ ಇಲ್ಲದ ಊರಿಗೆ ಶಂಕರ್ ನಾಗ್ ಹುಡುಕಿದ ಜಾಗ ಆಗುಂಬೆ. ಸೀದಾ ಒಂದು ಬೀದಿ, ಇಕ್ಕೆಲದಲ್ಲಿ ಮನೆಗಳು. ನಾವು ಬಸ್ಸು ಬದಲಿಸಲು ಇಳಿಯುತ್ತಿದ್ದ ಊರು, ಸೋಮೇಶ್ವರಕ್ಕೆ ಘಟ್ಟ ಇಳಿಯುವ ಮುನ್ನ ಚಾ ಕುಡಿಯುತ್ತಿದ್ದ ಊರು. ಆ ಊರೀಗ ದಿಲ್ಲಿಯವರೆಗೆ ಹೋಗಿ, ಹಿಂದಿ ಮಾತಾಡುತ್ತ ನಮ್ಮ ಜಗಲಿಗೆ ಮರಳಿದೆ. ಆ ಬೀದಿಯಲ್ಲಿ ಪುಟ್ಟ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥ್, ಓಡುತ್ತಿದ್ದಾನೆ. ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಕಂತು ಮುಗಿಯುವಷ್ಟರಲ್ಲಿ ಜಗಲಿಯಲ್ಲಿ ಒಬ್ಬೊಬ್ಬರೂ ಒಂದೊಂದು ಮನೆ ಗುರುತು ಹಿಡಿದಿರುತ್ತಾರೆ, ಹಿಂದೆ ನಡೆದು ಹೋದವನು ಯಾರ ಭಾವ ಎಂಬ ವಾದವೂ ಎದ್ದಿರುತ್ತದೆ.

ನಲವತ್ತೈದು ರೂಪಾಯಿ ಸಂಬಳದ ಕತೆ ಬಂದ ರಾತ್ರಿ ಮಾತ್ರ ವಾದ ಏಳುವುದಿಲ್ಲ. ಮಗಳನ್ನು ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟ ಗುಮಾಸ್ತ ವೆಂಕಟರಾವ್. ನಮ್ಮ ವಿಷ್ಣುವರ್ಧನ್. ಸಿನಿಮಾದಲ್ಲಿ ಹತ್ತು ಜನರನ್ನು ಹೊಡೆದು ಉರುಳಿಸುವ ಮನುಷ್ಯ ಇಲ್ಲಿ ಮೇಲಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೆ. ಅಲಂಕಾರ ಮಾಡಿಕೊಂಡ ಮಗು ಬಾಗಿಲಲ್ಲಿ ಕಾಯುತ್ತದೆ. ಹೊತ್ತು ಇಳಿಯುತ್ತದೆ. ರಾಜೀನಾಮೆ ಕೊಟ್ಟೇ ಬಿಡುತ್ತೇನೆ ಎಂದು ಬರೆದಿಟ್ಟ ಅಪ್ಪನಿಗೆ ಐದು ರೂಪಾಯಿ ಬಡ್ತಿಯ ಸುದ್ದಿ ಬರುತ್ತದೆ. ಸಂಬಳ ನಲವತ್ತರಿಂದ ನಲವತ್ತೈದು. ಅವನು ಮನೆಗೆ ಮುಟ್ಟುವ ಹೊತ್ತಿಗೆ ಮಗು ನಿದ್ದೆ ಹೋಗಿದೆ. ಜಗಲಿಯಲ್ಲಿ ಹಿಂದಿ ಬಲ್ಲವರು ಯಾರೂ ಇಲ್ಲ. ಆದರೂ ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಬಸ್ಸಿನಲ್ಲಿ ಬಂದು, ನೀವು ಮಲಗಿದ ಮೇಲೆಯೇ ಊಟಕ್ಕೆ ಕೂರುವ ನಿಮ್ಮ ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಾರೆ. ಸ್ವಲ್ಪ ಹೊತ್ತು ಒಳಗೆ ಬರುವುದಿಲ್ಲ.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಕಟ್ಟಿದ ಊರು ಉಳಿಯಿತು. ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯ ಕಂಬಗಳನ್ನು ಮುಟ್ಟಿ ನೋಡಲು ಇಂದಿಗೂ ಎಲ್ಲಿಂದಲೋ ಜನ ಬರುತ್ತಾರೆ. ರೈಲಿನ ದೃಶ್ಯಗಳನ್ನು ತೆಗೆದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ. ಪಾಳು ಬಿದ್ದಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು. ಧಾರಾವಾಹಿಯನ್ನಂತೂ ಬೇಕೆಂದಾಗ ಮೊಬೈಲಿನಲ್ಲೇ ನೋಡಬಹುದು. ರಮಾನಂದ ಸಾಗರರ ‘ರಾಮಾಯಣ’ವೂ 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಕಾಲದಲ್ಲಿ, ಮತ್ತೆ ಮನೆಮನೆಗೆ ಬಂತು. ಇಡೀ ದೇಶ ನೋಡಿದ್ದಕ್ಕೆ ಕಾಯುವವರಿದ್ದಾರೆ.

ನನ್ನ ಸಂಕಟ ಇರುವುದು ನಮ್ಮ ಸಂಜೆಗಳ ಬಗ್ಗೆ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾಯಿತು. ಆ ಮೊದಲ ದಶಕದ ಕನ್ನಡ ನಾಟಕಗಳು, ಧಾರಾವಾಹಿಗಳು, ಕೃಷಿ ಕಾರ್ಯಕ್ರಮಗಳು, ಸಂದರ್ಶನಗಳಲ್ಲಿ ಎಷ್ಟೋ ಇಂದು ಹೆಸರಾಗಿ ಮಾತ್ರ ಬಾಯಲ್ಲಿವೆ. ನಟ ಚಂದ್ರು ಅವರ ಹೆಸರಿನ ಮುಂದಿರುವ ‘ಸಿಹಿಕಹಿ’ ಒಂದು ಧಾರಾವಾಹಿಯ ಹೆಸರು ಎಂದರೆ ಈಗಿನ ಹುಡುಗರು ಅಚ್ಚರಿಪಡುತ್ತಾರೆ. ತೋರಿಸೋಣವೆಂದರೆ ಕೈಗೆ ಸುಲಭವಾಗಿ ಸಿಗುವುದು ಬಹಳ ಕಡಿಮೆ.

ಟೇಪು ಆ ಕಾಲಕ್ಕೆ ದುಬಾರಿ. ಒಂದರ ಮೇಲೆ ಇನ್ನೊಂದನ್ನು ಮುದ್ರಿಸಿಕೊಳ್ಳುವ ರೂಢಿ ಜಗತ್ತಿನ ದೊಡ್ಡ ದೊಡ್ಡ ಟಿ.ವಿ. ಸಂಸ್ಥೆಗಳಲ್ಲೂ ಇತ್ತು. ಬ್ರಿಟನ್ನಿನ ಬಿಬಿಸಿ ತನ್ನ ಬಲು ಜನಪ್ರಿಯ ‘ಡಾಕ್ಟರ್ ಹೂ’ ಸರಣಿಯ ಹಲವು ಕಂತುಗಳನ್ನು ಹಾಗೆ ಕಳೆದುಕೊಂಡಿತು. ಅವುಗಳಲ್ಲಿ ಒಂಬತ್ತು ಕಂತು ನೈಜೀರಿಯಾದ ಜೋಸ್ ಎಂಬ ಊರಿನ ಪ್ರಸಾರ ಕೇಂದ್ರದಲ್ಲಿ ದೂಳು ತಿನ್ನುತ್ತಿದ್ದವು. ಸಿಕ್ಕಿದ ಸುದ್ದಿ ಹೊರಬಿದ್ದದ್ದು 2013ರಲ್ಲಿ. ಕಳೆದುಹೋದ ಇನ್ನೂ ಕೆಲವು ಕಂತುಗಳು ಖಾಸಗಿ ಸಂಗ್ರಹಕಾರರ ಮನೆಗಳಲ್ಲಿ ದೊರೆತವು. ಸಂಸ್ಥೆ ಅಳಿಸಿದ್ದನ್ನು ಮನೆಗಳು ಉಳಿಸಿಕೊಟ್ಟವು. ನಮ್ಮಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯವರು ಹಳೆಯ ಟೇಪುಗಳನ್ನು ಒಂದೊಂದಾಗಿ ಅಂತರ್ಜಾಲಕ್ಕೆ ಏರಿಸುತ್ತಿರುವುದು ಒಳ್ಳೆಯ ಕೆಲಸ. ಅವರ ಕಪಾಟಿನಲ್ಲಿ ಇಲ್ಲದ್ದು ನಮ್ಮ ಅಟ್ಟದಲ್ಲಿ ಇರಬಹುದು.

ಆದ್ದರಿಂದ ಈ ವಾರವೇ ಅಟ್ಟ ಹತ್ತಿ. ವಿ.ಸಿ.ಆರ್. ಇದ್ದ ಮನೆಯಾದರೆ ಮದುವೆ ಕ್ಯಾಸೆಟ್ಟುಗಳ ನಡುವೆ, ಹೆಸರು ಬರೆಯದ ಒಂದೆರಡು ಸಿಕ್ಕಾವು. ಮದುವೆ ಕ್ಯಾಸೆಟ್ಟನ್ನೂ ಕೊನೆಯವರೆಗೆ ನೋಡಿ. ಉಳಿದ ಜಾಗದಲ್ಲಿ ಟಿ.ವಿ. ಕಾರ್ಯಕ್ರಮ ಮುದ್ರಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ನಡೆದದ್ದೇ. ಮಲೆನಾಡು, ಕರಾವಳಿಯ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಾಗಿದ್ದರೆ ದಯವಿಟ್ಟು ಯಂತ್ರಕ್ಕೆ ಹಾಕಬೇಡಿ, ಟೇಪೂ ಹೋದೀತು, ಯಂತ್ರದ ಹೆಡ್ಡೂ ಹಾಳಾದೀತು. ಸ್ವಚ್ಛ ಮಾಡಿ ಡಿಜಿಟಲ್‌ಗೆ ಇಳಿಸಿಕೊಡುವವರ ಬಳಿ ಒಯ್ಯಿರಿ. ಯಾವ ವರ್ಷದ್ದು, ಯಾವ ಊರಲ್ಲಿ ಮುದ್ರಿಸಿದ್ದು, ಯಾರು ಮುದ್ರಿಸಿದ್ದು ಎಂದು ನೆನಪಿದ್ದಷ್ಟನ್ನು ಚೀಟಿಯಲ್ಲಿ ಬರೆದಿಡಿ. ಒಂದು ಪ್ರತಿಯನ್ನು ದೂರದರ್ಶನಕ್ಕೋ ನಿಮ್ಮೂರಿನ ಗ್ರಂಥಾಲಯಕ್ಕೋ ಕೊಡಿ. ತಡ ಮಾಡಬೇಡಿ: ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರಲ್ಲೇ ಆ ಕೆಲಸ ನಿಲ್ಲಿಸಿದೆ.