ಬಸವನ ಪಾದದಲ್ಲಿ ಹುಟ್ಟಿದ ಹೊಳೆ

ಹೊಳೆದಂಡೆಯ ಊರೆಂದರೆ ಕೂಡಲಸಂಗಮವನ್ನೋ ನಂಜನಗೂಡನ್ನೋ ನೆನೆಯುವ ನಮ್ಮ ಬಂಧುಗಳು ಬೆಂಗಳೂರಿನ ಬಸವನಗುಡಿಯನ್ನು ಆ ಸಾಲಿಗೆ ಸೇರಿಸುವುದಿಲ್ಲ. ಆದರೆ ವೃಷಭಾವತಿ ಹುಟ್ಟುವುದು ಇಲ್ಲಿಯ ದೊಡ್ಡಬಸವಣ್ಣನ ಪಾದದಲ್ಲಿ ಎಂಬುದು ತಲೆತಲಾಂತರದ ನಂಬಿಕೆ. ಹೊಳೆಯ ಹೆಸರಿನಲ್ಲಿರುವುದೂ ಆ ವೃಷಭನೇ.

ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆಂದು ನಾವು ಮನೆಮಂದಿಯೊಡನೆ ಹೋಗಿದ್ದೆವು. ಗುಡಿ 16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ್ದು. ಒಳಗೆ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದದ ಏಕಶಿಲೆಯ ಬಸವ ಕಪ್ಪಗೆ ಹೊಳೆಯುತ್ತ ಮಲಗಿದ್ದಾನೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿಗಳ ಹೊಲಗಳಲ್ಲಿ ಗೂಳಿಯೊಂದು ಕಡಲೆಕಾಯಿ ಮೇಯುತ್ತಿತ್ತಂತೆ; ಒಕ್ಕಲಮಗನೊಬ್ಬ ಬಡಿಗೆಯಿಂದ ಹೊಡೆಯಲು ಅದು ಶಿಲೆಯಾಯಿತಂತೆ. ಅಂದಿನಿಂದ ಮೊದಲ ಬೆಳೆಯನ್ನು ಬಸವನಿಗೆ ಅರ್ಪಿಸುವ ರೂಢಿ ಬಂದಿದೆ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರ ಕಾಲಕ್ಕಿಂತ ಮೊದಲು ನಮ್ಮ ನಾಡಿಗೆ ಬಂದದ್ದಲ್ಲ. ಆದುದರಿಂದ ಕಥೆ ಗುಡಿಗಿಂತ ಕಿರಿಯದಿರಬಹುದೆಂದು ನಮಗೆ ತೋರುತ್ತದೆ. ಹೊಡೆದ ತಪ್ಪನ್ನು ಒಪ್ಪಿಕೊಂಡ ರೈತರ ಮನಸ್ಸು ಮಾತ್ರ ದೊಡ್ಡದು.

1898ರ ಪ್ಲೇಗಿನ ನಂತರ ಜನರು ಇಕ್ಕಟ್ಟಿನ ಪೇಟೆಯಿಂದ ಹೊರಬಂದಾಗ ಮಲ್ಲೇಶ್ವರದಂತೆ ಬಸವನಗುಡಿಯೂ ಅಗಲವಾದ ಬೀದಿಗಳ ಬಡಾವಣೆಯಾಗಿ ಬೆಳೆಯಿತು.

ಪರಿಷೆಯ ಗದ್ದಲ ದಾಟಿ, ಹೊಳೆಯನ್ನು ಮಕ್ಕಳಿಗೆ ತೋರಿಸೋಣವೆಂದು ಗವಿಪುರದ ಕೆಂಪಾಂಬುಧಿ ಕೆರೆಯ ಬಳಿ ಸಾಗಿ, ಅಲ್ಲಿಂದ ಮೈಸೂರು ರಸ್ತೆಗೆ ಇಳಿದೆವು. ಕಂಡದ್ದು ಕಾಂಕ್ರೀಟು ಗೋಡೆಗಳ ನಡುವೆ ನೊರೆಯುಕ್ಕುವ ಕರಿಯ ನೀರು. ಮಕ್ಕಳು ಮೂಗು ಮುಚ್ಚಿಕೊಂಡು, ಇದನ್ನೇ ಹೊಳೆಯೆಂದೆವೆಂದು ನಂಬಲೊಲ್ಲದೆ ನಮ್ಮ ಮುಖ ನೋಡಿದರು.

ಈ ಊರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳಾಯಿಯ ನೀರು ಬಂತು. ಎರಡೂ ಅರ್ಕಾವತಿಯ ನೀರು. 1974ರಿಂದ ಕಾವೇರಿಯೂ ಬಂದಳು. ವೃಷಭಾವತಿ ಕೆಂಗೇರಿಯತ್ತ ಹರಿದು, ಭೈರಮಂಗಲದ ಜಲಾಶಯವನ್ನು ಹಾದು ಸೇರುವುದು ಅದೇ ಅರ್ಕಾವತಿಯನ್ನು. ಅರ್ಕಾವತಿ ಸಂಗಮದಲ್ಲಿ ಕೂಡುವುದು ಅದೇ ಕಾವೇರಿಯನ್ನು. ತಿಳಿನೀರು ಪಡೆದು ಬಚ್ಚಲನೀರು ಹಿಂದಿರುಗಿಸಿದವರಲ್ಲಿ ನಾವೂ ಇದ್ದೇವೆ. ಭೈರಮಂಗಲದ ಕೆಳಗಿನ ರೈತರು ಹೊಲಗಳಿಗೆ ಈ ನೀರನ್ನೇ ಹಾಯಿಸಬೇಕಾಯಿತು. ಅವರೂ ಬಸವನಿಗೆ ಬೆಳೆ ಒಪ್ಪಿಸುವ ಒಕ್ಕಲಿನವರೇ.

ಸೇತುವೆಯ ಬಳಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಕಡಲೆಕಾಯಿಯ ಗಂಟು ಹೊತ್ತು ಮನೆಗೆ ಬಂದು, ನಲ್ಲಿಯ ನೀರನ್ನೇ ಅಗ್ಘವಣಿಯಾಗಿಸಿ ಸಂಜೆಯ ಲಿಂಗಪೂಜೆಗೆ ಕುಳಿತೆವು.