ಶಾಂತಿಗೊಂದು ತಾರೀಖು

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದೆ. ಯುದ್ಧದ ಪಾಠವೆಂದರೆ ಕಪ್ಪು ಹಲಗೆಯ ಮೇಲೆ ಮೂರು ಶೀರ್ಷಿಕೆಗಳು: ಕಾರಣಗಳು, ಘಟನೆಗಳು, ಪರಿಣಾಮಗಳು. ಕೊನೆಗೊಂದು ಒಪ್ಪಂದ, ಒಂದು ತಾರೀಖು. ಅಲ್ಲಿಗೆ ಶಾಂತಿ ನೆಲೆಸಿತೆಂದು ಬರೆಸಿ ಪಾಠ ಮುಗಿಸುತ್ತಿದ್ದೆ. ನನ್ನ ನಂಬಿಕೆಯೂ ಅದೇ ಆಗಿತ್ತು. 1971ರ ಡಿಸೆಂಬರ್ 3ರಂದು ಆರಂಭವಾದ ಯುದ್ಧ, 16ರಂದು ಢಾಕಾದ ಶರಣಾಗತಿಯೊಂದಿಗೆ ಮುಗಿದ ವಾರ್ತೆಯನ್ನು ಬಾಲ್ಯದಲ್ಲಿ ರೇಡಿಯೊ ಮುಂದೆ ಕುಳಿತು ಕೇಳಿದವನು ನಾನು.

ಆ ನಂಬಿಕೆ ಮೊದಲು ಅಲುಗಾಡಿದ್ದು 1999ರಲ್ಲಿ. ಜುಲೈ 26ರಂದು ಕಾರ್ಗಿಲ್ ಯುದ್ಧ ಮುಗಿಯಿತು. ಮರುದಿನ ತರಗತಿಯಲ್ಲಿ ಪೆಪ್ಪರಮೆಂಟು ಹಂಚಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ತಿನ್ನದೆ ಕೈಯಲ್ಲಿಯೇ ಹಿಡಿದಿದ್ದಳು. ಅವಳ ಅಣ್ಣ ಸೈನ್ಯದಲ್ಲಿದ್ದ. “ಅಣ್ಣನ ಕಾಗದ ಇನ್ನೂ ಬಂದಿಲ್ಲ ಸಾರ್” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. 56 ಎ.ಪಿ.ಓ. ವಿಳಾಸದ ಆ ಇನ್‌ಲ್ಯಾಂಡ್ ಪತ್ರ ಬಂದದ್ದು ಹನ್ನೆರಡು ದಿನಗಳ ಬಳಿಕ. ಅವರ ಮನೆಯ ಪಾಲಿಗೆ ಯುದ್ಧ ಮುಗಿದದ್ದು ಅಂದು.

ಅದೇ ಹುಡುಗಿಗೆ ಈಗ ನಲವತ್ತು ದಾಟಿದೆ. 2025ರ ಮೇ 7ರಿಂದ 10ರವರೆಗೆ ಭಾರತ-ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆದಾಗ ಅವಳ ಮಗ ಜಲಂಧರಿನಲ್ಲಿ ಓದುತ್ತಿದ್ದ. ಅವನು ಸೈನಿಕನಲ್ಲ, ಕಾಲೇಜು ಹುಡುಗ. ಆದರೂ ಡ್ರೋನ್‌ಗಳ ಭಯಕ್ಕೆ ಹಾಸ್ಟೆಲಿನ ದೀಪವಾರಿಸಿ ಕತ್ತಲಲ್ಲಿ ಕುಳಿತಿರಬೇಕಾಯಿತು. ಅಂದು ಅಣ್ಣ ಯುದ್ಧಕ್ಕೆ ಹೋಗಿದ್ದ. ಇಂದು ಯುದ್ಧವೇ ಮಗನಿದ್ದಲ್ಲಿಗೆ ಬಂದಿತ್ತು.

ಮೇ 10ರ ಸಂಜೆ ಐದರಿಂದ ಕದನ ವಿರಾಮವೆಂದು ಘೋಷಿಸಿದರು. ಕೆಲವೇ ಗಂಟೆಗಳಲ್ಲಿ ಡ್ರೋನ್‌ಗಳು ಮತ್ತೆ ಕಾಣಿಸಿಕೊಂಡ ಸುದ್ದಿ ಬಂತು. ರಾತ್ರಿ ಅವಳು ಫೋನ್ ಮಾಡಿದಳು.

“ನಿಂತಿತು ಅಂತಾರೆ ಸಾರ್, ನಿಜವೇ?”

“ಮಗ ಮಾತಾಡಿದನೇನಮ್ಮ?”

“ಅವನ ಫೋನ್ ಸಿಗುತ್ತಿಲ್ಲ.”

ತಾರೀಖು ಹೇಳಿ ಸಮಾಧಾನ ಮಾಡುವ ಧೈರ್ಯ ಈ ಸಲ ನನಗಿರಲಿಲ್ಲ. ಕಾಯೋಣ ಎಂದೆ. ಬೆಳಿಗ್ಗೆ ಅವಳೇ ಕರೆ ಮಾಡಿ, ಮಗ ಮಾತಾಡಿದನೆಂದು ಹೇಳಿ ಅತ್ತುಬಿಟ್ಟಳು.

ಕೊರಿಯಾದಲ್ಲಿ 1953ರ ಜುಲೈ 27ರಂದು ಕದನ ವಿರಾಮವಾಯಿತು; ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಇದನ್ನು ಒಂದು ಅಂಕದ ಪ್ರಶ್ನೆಯಾಗಿ ನೋಡಿದವನಿಗೆ ಅದರ ಭಾರ ತಿಳಿದಿರಲಿಲ್ಲ. ಘೋಷಣೆಯಿಲ್ಲದೆ ಆರಂಭವಾಗುವ, ಒಪ್ಪಂದವಿಲ್ಲದೆ ನಿಲ್ಲುವ ಇಂದಿನ ಯುದ್ಧಗಳಲ್ಲಿ ಆ ತಾರೀಖು ಗುಂಡು ನಿಂತ ದಿನವನ್ನಷ್ಟೇ ಹೇಳುತ್ತದೆ. ಮನೆಯಲ್ಲಿ ಕಾಯುವವರು ನಿಶ್ಚಿಂತೆಯಿಂದ ನಿದ್ರಿಸುವವರೆಗೆ ಅದನ್ನು ಶಾಂತಿಯೆನ್ನಲಾಗದು.

ನನ್ನಲ್ಲಿ ಪಾಠ ಕೇಳಿದವರೇ, ನಿಮ್ಮ ಹಳೆಯ ನೋಟ್ ಪುಸ್ತಕದಲ್ಲಿ ಈ ತಿದ್ದುಪಡಿಯನ್ನು ದಯವಿಟ್ಟು ಸೇರಿಸಿಕೊಳ್ಳಿ.