ಮೂಕಜ್ಜಿಗೆ 46 ಬೈಟ್

ನಮ್ಮ ಗ್ರಂಥಾಲಯದ ಬಾಗಿಲಲ್ಲಿರೋ ಕಂಪ್ಯೂಟರಿನಲ್ಲಿ ‘ಮೂಕಜ್ಜಿಯ ಕನಸುಗಳು’ ಅಂತ ಕನ್ನಡದಲ್ಲೇ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಒಂದೂ ಪುಸ್ತಕ ಇಲ್ಲ ಅಂತ ಉತ್ತರ ಬರುತ್ತೆ. ಆಮೇಲೆ ಜರ್ನಲ್‌ಗಳ ಸಾಲು ದಾಟಿ, ಝೆರಾಕ್ಸ್ ಮೆಷಿನ್ ಹಿಂದಿರೋ ಎರಡು ಕಬ್ಬಿಣದ ಕಪಾಟುಗಳ ಹತ್ತಿರ ಹೋಗಿ. ಶಿವರಾಮ ಕಾರಂತರ ಆ ಕಾದಂಬರಿ ಅಲ್ಲೇ ಇದೆ. 1977ರಲ್ಲಿ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಪುಸ್ತಕ. ನಮ್ಮ ಕಂಪ್ಯೂಟರಿಗೆ ಮಾತ್ರ ಅದರ ಪರಿಚಯ ಇಲ್ಲ.

ಈ ಸೆಮಿಸ್ಟರ್ ಶುರುವಾದಾಗ ಒಂದು ಮಾತು ಕೇಳಿಬಂತು. ಡಿಸ್ಕಷನ್ ರೂಮಿಗೆ ಜಾಗ ಬೇಕು, ಆ ಎರಡು ಕನ್ನಡ ಕಪಾಟುಗಳನ್ನು ಸ್ಟೋರಿಗೆ ಸಾಗಿಸೋಣ, ಹೇಗೂ ಯಾರೂ ತಗೊಳ್ಳಲ್ಲ ಅಂತ. ಯಾರೂ ತಗೊಳ್ಳಲ್ಲ ಅನ್ನೋದು ಸುಳ್ಳಲ್ಲ. ಇಶ್ಯೂ ರಿಜಿಸ್ಟರ್ ಹಾಗೇ ಹೇಳುತ್ತೆ. ಆದರೆ ಹುಡುಕಿದರೆ ಸಿಗದ ಪುಸ್ತಕವನ್ನು ಯಾರು ತಾನೇ ತಗೋತಾರೆ?

ನಾವು ಅಂದರೆ ಕನ್ನಡ ಸಂಘದ ಸೆಕೆಂಡ್ ಇಯರ್‌ನವರು. ಬಹುತೇಕ ಎಲ್ಲರೂ ಇಂಗ್ಲಿಷ್ ಮೀಡಿಯಂ. ಕನ್ನಡ ಮನೆಯಲ್ಲಿ ಮಾತು, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜೋ ಥರ್ಡ್ ಲ್ಯಾಂಗ್ವೇಜೋ, ವಾಟ್ಸಾಪಲ್ಲಿ ಇಂಗ್ಲಿಷ್ ಅಕ್ಷರ. ಭಾಷಣ ಮಾಡಿ ಕಪಾಟು ಉಳಿಸುವ ಶಕ್ತಿ ನಮಗಿಲ್ಲ. ಸ್ವಲ್ಪ ಜಾವಾಸ್ಕ್ರಿಪ್ಟ್ ಬರುತ್ತೆ. ಅದನ್ನೇ ಹಿಡಿದುಕೊಂಡು ಗ್ರಂಥಪಾಲಕಿ ಮೇಡಂ ಹತ್ತಿರ ಹೋಗಿ ಕ್ಯಾಟಲಾಗಿನ ಫೈಲ್ ಕೇಳಿದೆವು. ಮೇಡಂ ಒಂದೇ ಷರತ್ತು ಹಾಕಿದರು: “ಕಾಪಿ ಕೊಡ್ತೀನಿ. ನೀವು ಏನೇ ಮಾಡಿದ್ರೂ ಆ ಕಾಪಿ ಮೇಲೆ ಮಾಡಿ. ನಾನು ನೋಡಿ ಒಪ್ಪದೆ ಒಂದಕ್ಷರನೂ ಸಿಸ್ಟಮ್ಮಿಗೆ ಹೋಗಲ್ಲ.”

ಪೆನ್‌ಡ್ರೈವಿನಲ್ಲಿ ಬಂದದ್ದು ಮಾರ್ಕ್ ಫೈಲ್. ಇಂಟರ್ನಲ್ಸ್ ಮಾರ್ಕ್ಸ್ ಅಲ್ಲ. ಯಂತ್ರ ಓದಬಲ್ಲ ಕ್ಯಾಟಲಾಗ್ ಅನ್ನೋದರ ಇಂಗ್ಲಿಷ್ ಹ್ರಸ್ವರೂಪ ಅದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ 1965ರಲ್ಲಿ ಸೇರಿದ ಹೆನ್ರಿಯೆಟ್ ಅವ್ರಾಮ್ ಎಂಬ ಪ್ರೋಗ್ರಾಮರ್ ಇದನ್ನು ರೂಪಿಸಿದವರು. ಅವರು ಲೈಬ್ರರಿ ಸೈನ್ಸ್ ಓದಿದವರಲ್ಲ. ಕಾರ್ಡಿನ ಮೇಲೆ ಇರುತ್ತಿದ್ದ ವಿವರವನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ಒಂದು ಗ್ರಂಥಾಲಯದಿಂದ ಇನ್ನೊಂದಕ್ಕೆ ಕಳಿಸಬೇಕು ಅನ್ನೋದು ಆಗಿನ ಅಗತ್ಯ. 1973ರಲ್ಲಿ ಇದರ ರಚನೆ ಐಎಸ್‌ಒ 2709 ಎಂಬ ಅಂತಾರಾಷ್ಟ್ರೀಯ ಮಾನದಂಡವಾಯಿತು. ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ. ಅಂದರೆ ನಾವು ಓದಬೇಕಿದ್ದ ಫೈಲಿನ ವಿನ್ಯಾಸ, ಓದಲು ಬಳಸಿದ ಭಾಷೆಗಿಂತ 20 ವರ್ಷಕ್ಕೂ ಹೆಚ್ಚು ಹಳೆಯದು.

ಟೇಪಿನ ಕಾಲದ್ದಾದ್ದರಿಂದ ಎಲ್ಲವೂ ಎಣಿಕೆ. ಪ್ರತಿ ದಾಖಲೆಯ ಮೊದಲ 24 ಅಕ್ಷರ ಲೀಡರ್. ಅದರಲ್ಲಿ ಮೊದಲ ಐದು ಅಂಕಿ ಇಡೀ ದಾಖಲೆಯ ಉದ್ದ. ಆಮೇಲೆ ಡೈರೆಕ್ಟರಿ. ಅದರ ಒಂದೊಂದು ನಮೂದು 12 ಅಕ್ಷರ: ಫೀಲ್ಡಿನ ಸಂಖ್ಯೆಗೆ ಮೂರು, ಉದ್ದಕ್ಕೆ ನಾಲ್ಕು, ಎಲ್ಲಿ ಶುರು ಅನ್ನೋದಕ್ಕೆ ಐದು. ಅದಾದ ಮೇಲೆ ನಿಜವಾದ ಮಾಹಿತಿ. 100ರಲ್ಲಿ ಲೇಖಕ, 245ರಲ್ಲಿ ಪುಸ್ತಕದ ಹೆಸರು, 082ರಲ್ಲಿ ಡ್ಯೂಯಿ ಸಂಖ್ಯೆ. ಗ್ರಂಥಾಲಯದವರು ‘ಟೈಟಲ್’ ಅನ್ನಲ್ಲ, ‘245’ ಅಂತಾರೆ. ಎರಡು ವಾರದಲ್ಲಿ ನಮ್ಮ ಬಾಯಲ್ಲೂ ಅದೇ ಬಂತು.

ಇದನ್ನು ಓದೋಕೆ ನೋಡ್‌ನಲ್ಲಿ ಓಡುವ ಮಾರ್ಕ್‌ಜೆಎಸ್ ಎಂಬ ಲೈಬ್ರರಿ ಇದೆ. ಉಚಿತ, ಓಪನ್ ಸೋರ್ಸ್. ಎನ್‌ಪಿಎಂನಿಂದ ಒಂದು ಸಾಲಿನಲ್ಲಿ ಹಾಕಿಕೊಂಡರೆ ಆಯ್ತು. ಫೈಲನ್ನು ಸ್ಟ್ರೀಮ್ ಆಗಿ ಕೊಟ್ಟರೆ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ಕೊಡುತ್ತೆ. ಬೇಕಾದ್ದನ್ನು ತಿದ್ದಿ ಮತ್ತೆ ಐಎಸ್‌ಒ 2709 ಆಗಿಯೋ, ಎಕ್ಸ್‌ಎಂಎಲ್ ಆಗಿಯೋ, ಜೇಸನ್ ಆಗಿಯೋ ಬರೆಯಬಹುದು. ಇಡೀ ಫೈಲ್ ಮೆಮೊರಿಗೆ ಬರಬೇಕಿಲ್ಲವಾದ್ದರಿಂದ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಕೂಡ ಉಸಿರುಗಟ್ಟಲಿಲ್ಲ.

“ಇಷ್ಟಕ್ಕೆ ಲೈಬ್ರರಿ ಯಾಕೆ, ನಾವೇ ಕತ್ತರಿಸಿ ಓದಬಹುದಲ್ಲ?” ಅಂತ ಕೇಳೋರಿಗೆ ಮೂಕಜ್ಜಿಯ ಲೆಕ್ಕ ಹೇಳಬೇಕು. ‘ಮೂಕಜ್ಜಿಯ ಕನಸುಗಳು’ ಅನ್ನೋದನ್ನು ಕಣ್ಣಿನಿಂದ ಎಣಿಸಿದರೆ ಒಂಬತ್ತು ಅಕ್ಷರ. ಜಾವಾಸ್ಕ್ರಿಪ್ಟಿಗೆ ಅದರ ಉದ್ದ ಕೇಳಿದರೆ 16 ಅನ್ನುತ್ತೆ, ಯಾಕಂದರೆ ದೀರ್ಘ, ಗುಡಿಸು, ಕೊಂಬು, ಒತ್ತಿನ ಹಿಂದಿರೋ ವಿರಾಮ, ನಡುವಿನ ಜಾಗ, ಎಲ್ಲಕ್ಕೂ ಒಂದೊಂದು ಎಣಿಕೆ. ಯುಟಿಎಫ್-8ರಲ್ಲಿ ಬರೆದರೆ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್: 15 ಸಂಕೇತಕ್ಕೆ 45, ಜಾಗಕ್ಕೆ ಒಂದು, ಒಟ್ಟು 46. ಮಾರ್ಕ್ ಡೈರೆಕ್ಟರಿ ಲೆಕ್ಕ ಹಾಕೋದು ಬೈಟಿನಲ್ಲಿ. ಸೂಚಕ, ವಿಭಜಕ, ಕೊನೆಯ ಗುರುತು ಸೇರಿ ಇನ್ನು ಐದು. ಹಾಗಾಗಿ 245ರ ಮುಂದೆ 0051 ಅಂತ ಇರಬೇಕು. ಜಾವಾಸ್ಕ್ರಿಪ್ಟಿನ ಉದ್ದ ನಂಬಿ 0021 ಅಂತ ಬರೆದರೆ, ಮುಂದಿನ ಪ್ರತಿ ಫೀಲ್ಡೂ 30 ಬೈಟ್ ಜಾರಿ, ಪ್ರಕಾಶಕರ ಹೆಸರಿನಲ್ಲಿ ಅಜ್ಜಿಯ ಅರ್ಧ ಕನಸು ಬಂದು ಕೂರುತ್ತೆ. ಇಂಗ್ಲಿಷ್ ಪುಸ್ತಕಕ್ಕೆ ಈ ಸಮಸ್ಯೆ ಕಾಣಿಸೋದೇ ಇಲ್ಲ. ಅಲ್ಲಿ ಒಂದಕ್ಷರ ಒಂದೇ ಬೈಟ್. ಲೈಬ್ರರಿ ಈ ಲೆಕ್ಕವನ್ನು ನಮ್ಮ ತಲೆಯಿಂದ ಇಳಿಸಿತು.

ಮೊದಲ ಪ್ರಶ್ನೆ: ನಮ್ಮಲ್ಲಿ ಕನ್ನಡ ಪುಸ್ತಕ ಎಷ್ಟಿವೆ? 008 ಎಂಬ ಫೀಲ್ಡಿನಲ್ಲಿ 35ರಿಂದ 37ನೇ ಸ್ಥಾನದಲ್ಲಿ ಭಾಷೆಯ ಮೂರಕ್ಷರದ ಸಂಕೇತ ಇರುತ್ತೆ. ಕನ್ನಡಕ್ಕೆ ಕೆ-ಎ-ಎನ್. ಅದನ್ನು ಹುಡುಕೋದು ನಾಲ್ಕು ಸಾಲಿನ ಕೋಡ್. ಬಂದ ಪಟ್ಟಿ ಅರ್ಧ ಕಪಾಟನ್ನೂ ತುಂಬುತ್ತಿರಲಿಲ್ಲ. ಕಾರಣ ಬೇಗ ಸಿಕ್ಕಿತು. ಹೊಸ ದಾಖಲೆ ತೆರೆದಾಗ ಭಾಷೆಯ ಜಾಗದಲ್ಲಿ ಇಂಗ್ಲಿಷ್ ಅಂತ ಮೊದಲೇ ತುಂಬಿರುತ್ತೆ. ಯಾರೂ ಬದಲಾಯಿಸದಿದ್ದರೆ ಹಾಗೇ ಉಳಿಯುತ್ತೆ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ನಮ್ಮ ಕಾಲೇಜಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪುಸ್ತಕವಾಗಿತ್ತು. ಭಾಷಾವಾರು ಪಟ್ಟಿಯಲ್ಲಿ ಕನ್ನಡ ಅಷ್ಟು ಕಡಿಮೆ ಕಂಡಿದ್ದು ಹೀಗೆ.

ಹಾಗಾದರೆ ಇಂಗ್ಲಿಷ್ ಗುಂಪಿನೊಳಗೆ ಸೇರಿಕೊಂಡ ಕನ್ನಡವನ್ನು ಕಂಡುಹಿಡಿಯೋದು ಹೇಗೆ? ಬೆನ್ನಿನ ಚೀಟಿಯಿಂದ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814. 082ರಲ್ಲಿ ಈ ಸಂಖ್ಯೆ, ಭಾಷೆ ಇಂಗ್ಲಿಷ್: ಇಂಥವನ್ನೆಲ್ಲ ಬೇರೆ ತೆಗೆದೆವು. ಆದರೆ ಅವನ್ನು ಒಂದೇ ಏಟಿಗೆ ಕನ್ನಡ ಅಂತ ಬದಲಾಯಿಸೋ ಹಾಗಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದರು. ಅದೂ 894.814ರ ಕೆಳಗೇ ಬರುತ್ತೆ, ಆದರೆ ಅದರ ಭಾಷೆ ನಿಜಕ್ಕೂ ಇಂಗ್ಲಿಷ್. ಅಂಥದ್ದಕ್ಕೆ 041ರಲ್ಲಿ ‘ಮೂಲ ಕನ್ನಡ’ ಅಂತ ಬರೆಯೋಕೆ ಬೇರೆ ಜಾಗ ಇದೆ. ಯಾವುದು ಅನುವಾದ, ಯಾವುದು ಮೂಲ ಅಂತ ಕೋಡಿಗೆ ಗೊತ್ತಾಗಲ್ಲ. ಪುಸ್ತಕ ಕೈಗೆತ್ತಿಕೊಳ್ಳಬೇಕು.

ಹೀಗೆ ಸೋಸಿದ ದಾಖಲೆಗಳು ಮೂರು ರಾಶಿಯಾದವು.

ಮೊದಲನೆಯದು ಯೂನಿಕೋಡ್ ಕನ್ನಡದಲ್ಲೇ ಇದ್ದವು, ಬೆರಳೆಣಿಕೆಯಷ್ಟು. ಅವುಗಳಲ್ಲೂ ಒಂದು ತೊಡಕು. ‘ಬೇಂದ್ರೆ’ಯ ‘ಬೇ’ಯನ್ನು ಎರಡು ಥರ ಕೂಡಿಡಬಹುದು: ಏತ್ವದ ದೀರ್ಘಕ್ಕೆ ಒಂದೇ ಸಂಕೇತ ಹಾಕಿ, ಅಥವಾ ಹ್ರಸ್ವ ಎತ್ವ ಹಾಕಿ ಮುಂದೆ ದೀರ್ಘದ ಗುರುತು ಬೇರೆ ಹಾಕಿ. ಕಣ್ಣಿಗೆ ಎರಡೂ ಒಂದೇ. ಜಾವಾಸ್ಕ್ರಿಪ್ಟ್ ಮಾತ್ರ ಇಬ್ಬರು ಬೇಂದ್ರೆ ಇದ್ದಾರೆ ಅನ್ನುತ್ತೆ. ಅದರಲ್ಲೇ ಇರೋ ನಾರ್ಮಲೈಸ್ ಎಂಬ ಫಂಕ್ಷನ್ ಕರೆದರೆ ಇಬ್ಬರೂ ಒಬ್ಬರಾಗುತ್ತಾರೆ.

ಎರಡನೆಯದು ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದವು. ಆ ಫಾಂಟ್ ಇಲ್ಲದೆ ತೆರೆದರೆ ‘ಕನ್ನಡ’ ಅನ್ನೋ ಪದ ಪಿ, ಪೌಂಡ್ ಚಿಹ್ನೆ, ಕ್ಯೂ, ನಡುನಡುವೆ ತಲೆಮೇಲೆ ಗೆರೆ ಎಳೆದ ಎ, ಹೀಗೆ ಕಾಣುತ್ತೆ. ನೋಡೋಕೆ ಭಯಂಕರ, ಆದರೆ ಇವು ಕಳೆದುಹೋದವಲ್ಲ. ಯಾವ ಚಿಹ್ನೆಗೆ ಯಾವ ಅಕ್ಷರ ಅನ್ನೋ ಕೋಷ್ಟಕ ಇದ್ದು, ಒತ್ತು ಮತ್ತು ಅರ್ಕಾವತ್ತಿನ ಸ್ಥಾನ ಸರಿಮಾಡಿದರೆ ಪೂರ್ತಿ ಕನ್ನಡ ವಾಪಸ್ ಬರುತ್ತೆ.

ಮೂರನೆಯ ರಾಶಿಯೇ ದೊಡ್ಡದು: ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನೋಡೋಕೆ ಇವೇ ಅಚ್ಚುಕಟ್ಟು. ಆದರೆ ಇವನ್ನು ಕೋಡ್ ಬರೆದು ಕನ್ನಡಕ್ಕೆ ತಿರುಗಿಸೋಕೆ ಸಾಧ್ಯವೇ ಇಲ್ಲ. ಎಚ್, ಎ, ಎರಡು ಎಲ್, ಐ: ಇದು ‘ಹಳ್ಳಿ’ಯೋ ‘ಹಲ್ಲಿ’ಯೋ? ಕೆ, ಎ, ಎಲ್, ಇ: ‘ಕಲೆ’ಯೋ ‘ಕಳೆ’ಯೋ? ಗ್ರಂಥಾಲಯಗಳಿಗಾಗಿಯೇ ಮಾಡಿದ ಲಿಪ್ಯಂತರ ಪದ್ಧತಿಗಳಲ್ಲಿ ಅಕ್ಷರದ ಕೆಳಗೆ ಚುಕ್ಕಿ, ಮೇಲೆ ಗೆರೆ ಹಾಕಿ ಈ ವ್ಯತ್ಯಾಸ ಉಳಿಸುತ್ತಾರೆ. ನಮ್ಮಲ್ಲಿ ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ. ‘ಮದುಮಗಳು’ ಒಂದು ಕಡೆ ಬರೀ ಡಿಯಲ್ಲಿ, ಇನ್ನೊಂದು ಕಡೆ ಡಿ ಪಕ್ಕ ಎಚ್ ಸೇರಿಸಿ. ಲೇಖಕರ ಹೆಸರೂ ಹಾಗೇ. ಕುವೆಂಪು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಪುಟ್ಟಪ್ಪ. ಬೇಂದ್ರೆ ಒಂದು ಕಡೆ ಬೇಂದ್ರೆ, ಇನ್ನೊಂದು ಕಡೆ ಅಂಬಿಕಾತನಯದತ್ತ. ಇದಕ್ಕೆಂದೇ ಮಾರ್ಕ್‌ನಲ್ಲಿ ಅಧಿಕೃತ ಹೆಸರಿನ ಬೇರೆ ದಾಖಲೆ ಮಾಡಿ, 400ನೇ ಫೀಲ್ಡಿನಲ್ಲಿ ಉಳಿದ ಹೆಸರುಗಳನ್ನು ಜೋಡಿಸುವ ವ್ಯವಸ್ಥೆ ಇದೆ. ಪುಟ್ಟಪ್ಪ ಅಂತ ಹುಡುಕಿದರೆ ಕುವೆಂಪು ಸಿಗಬೇಕು.

ಈ ಮೂರನೇ ರಾಶಿ ನೋಡುತ್ತಾ ಕೂತಾಗ ನಮಗೆ ಸ್ವಲ್ಪ ಕಸಿವಿಸಿ ಆಯ್ತು. ಅದು ನಮ್ಮ ವಾಟ್ಸಾಪ್ ಗ್ರೂಪಿನ ಥರಾನೇ ಇತ್ತು. ನಾವು ದಿನಾ ಬರೆಯೋ ಕನ್ನಡವೂ ಚುಕ್ಕಿ-ಗೆರೆ ಇಲ್ಲದ್ದೇ. ಓದೋರಿಗೆ ಕನ್ನಡ ಮೊದಲೇ ಗೊತ್ತಿರೋದರಿಂದ ಅದು ಅರ್ಥವಾಗುತ್ತೆ ಅಷ್ಟೆ. ಗೊತ್ತಿಲ್ಲದವರಿಗೆ, ಯಂತ್ರಕ್ಕೆ, ನಾಳೆ ಬರೋರಿಗೆ ಅದು ಹಳ್ಳಿಯೋ ಹಲ್ಲಿಯೋ ಹೇಳೋಕೆ ಬರಲ್ಲ. ಹಳೆಯ ಫಾಂಟಿನ ವಿಚಿತ್ರ ಚಿಹ್ನೆಗಳಲ್ಲಿ ಕನ್ನಡ ಪೂರ್ತಿ ಉಳಿದಿತ್ತು. ಚೆಂದದ ಇಂಗ್ಲಿಷ್ ಅಕ್ಷರದಲ್ಲಿ ಅರ್ಧ ಸೋರಿಹೋಗಿತ್ತು.

ಆದ್ದರಿಂದ ಉಳಿದದ್ದು ಒಂದೇ ದಾರಿ: ಕಪಾಟಿನ ಮುಂದೆ ನೆಲದ ಮೇಲೆ ಕೂತು, ಒಂದೊಂದೇ ಪುಸ್ತಕ ತೆಗೆದು, ಮುಖಪುಟ ಅಲ್ಲ, ಒಳಗಿನ ಶೀರ್ಷಿಕೆ ಪುಟ ನೋಡಿ, ಸ್ಪ್ರೆಡ್‌ಶೀಟಿನಲ್ಲಿ ಕನ್ನಡದಲ್ಲಿ ಟೈಪ್ ಮಾಡೋದು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು, ಮೂರನೆಯವರು ತಾಳೆ ನೋಡಬೇಕು. ಮೊದಲ ದಿನ ಅಟೆಂಡರ್ ಅಣ್ಣ ನಿಂತು ನೋಡಿ, “ಏನ್ರಪ್ಪಾ, ಬುಕ್ ತಗೊಳ್ಳೋಕೆ ಬಂದ್ರಾ, ಎಣಿಸೋಕೆ ಬಂದ್ರಾ?” ಅಂದರು. ಎರಡನೇ ವಾರ ಅವರೇ ಧೂಳು ಒರೆಸಿ ಪುಸ್ತಕ ಕೊಡ್ತಾ, “ಅದು ಮಹಾಪ್ರಾಣ ಕಣಮ್ಮಾ, ಹೊಟ್ಟೆ ಸೀಳು” ಅಂತ ತಿದ್ದೋಕೆ ಶುರುಮಾಡಿದರು. ಕೋಡ್ ಒಂದು ವೀಕೆಂಡಿನಲ್ಲಿ ಮುಗಿದಿತ್ತು. ಓದೋದು ಇನ್ನೂ ಮುಗಿದಿಲ್ಲ.

ಹೀಗೆ ಸಿದ್ಧವಾದ ಪಟ್ಟಿಯನ್ನು ಮಾರ್ಕ್‌ಜೆಎಸ್ ಮೂಲಕ ದಾಖಲೆಗಳಿಗೆ ಸೇರಿಸುತ್ತೇವೆ. ಇಂಗ್ಲಿಷ್ ಅಕ್ಷರದ 245 ಅಳಿಸುವುದಿಲ್ಲ, ಅದರಲ್ಲಿ ಹುಡುಕೋರಿಗೂ ಸಿಗಲಿ. ಕನ್ನಡ ಲಿಪಿಯ ಹೆಸರು 880 ಎಂಬ ಫೀಲ್ಡಿಗೆ ಹೋಗುತ್ತೆ. ಮೂಲ ಲಿಪಿಗೆಂದೇ ಇಟ್ಟ ಜಾಗ ಅದು. 245ರಲ್ಲಿ ‘880-01’ ಅಂತ, 880ರಲ್ಲಿ ‘245-01’ ಅಂತ ಗುರುತು ಹಾಕಿದರೆ ಎರಡೂ ಒಂದಕ್ಕೊಂದು ಕೈಹಿಡಿಯುತ್ತವೆ. ಭಾಷೆಯ ಸಂಕೇತ ಸರಿಹೋಗುತ್ತೆ. ಪ್ರತಿ ಕಂತನ್ನೂ ಮೇಡಂ ನೋಡುತ್ತಾರೆ. ಅವರು ಒಪ್ಪಿದ ಮೇಲೆ ಸಿಸ್ಟಮ್ಮಿಗೆ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಸ್ಥಾಪಿಸಿ ಕೊನೆಯವರೆಗೂ ಇಲ್ಲೇ ಇದ್ದರು. 1931ರ ಅವರ ಐದು ಸೂತ್ರಗಳಲ್ಲಿ ಒಂದರ ಸಾರ ಇಷ್ಟು: ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಸಿಗಬೇಕು. ಸಿಗಬೇಕಾದರೆ ಮೊದಲು ಪುಸ್ತಕ ಕಾಣಬೇಕು. ಕಾಣಿಸಿದ ಮೇಲೂ ಯಾರೂ ತಗೊಳ್ಳದಿದ್ದರೆ, ಆಗ ಸ್ಟೋರಿನ ಮಾತಾಡಲಿ, ನಾವು ಎದುರು ಹೇಳೋದು ಕಷ್ಟ. ಅಲ್ಲಿಯವರೆಗೆ ಆ ರಿಜಿಸ್ಟರ್ ಲೆಕ್ಕ ನ್ಯಾಯದ್ದಲ್ಲ ಅಂತ ಪಟ್ಟಿ ಸಮೇತ ಬರೆದುಕೊಟ್ಟಿದ್ದೇವೆ. ಕಪಾಟಿನ ತೀರ್ಮಾನ ಸೆಮಿಸ್ಟರ್ ಮುಗಿಯುವವರೆಗೆ ಮುಂದಕ್ಕೆ ಹೋಗಿದೆ. ಉಳಿಯುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಇಷ್ಟರಲ್ಲಿ ಒಂದು ಬದಲಾವಣೆ ಆಗಿದೆ. ನೆಲದ ಮೇಲೆ ಕೂತು ಓದುವಾಗ ಶೀರ್ಷಿಕೆ ಪುಟಕ್ಕೆ ನಿಲ್ಲೋದು ಕಷ್ಟ. ಮುನ್ನುಡಿಗೆ ಕಣ್ಣು ಹೋಗುತ್ತೆ, ಮೊದಲ ಪುಟಕ್ಕೆ ಹೋಗುತ್ತೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಕನ್ನಡ ಪುಸ್ತಕ ಮುಟ್ಟದಿದ್ದ ನಮ್ಮ ಗೆಳತಿಯೊಬ್ಬಳು ಮೂಕಜ್ಜಿಯನ್ನು ಹಾಸ್ಟೆಲ್ಲಿಗೆ ಒಯ್ದಿದ್ದಾಳೆ. ನಿಧಾನ ಓದುತ್ತಾಳೆ, ರಿನ್ಯೂ ಮಾಡಿಸುತ್ತಾಳೆ. ರಿಜಿಸ್ಟರಿನಲ್ಲಿ ಎಂಟ್ರಿ ಬಿದ್ದಿದೆ.

ಇನ್ನೂ ಒಂದು ಕಪಾಟು ಬಾಕಿ ಇದೆ. ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಝೆರಾಕ್ಸ್ ಮೆಷಿನ್ ಹಿಂದೆ. ಯಾವ ಬ್ರಾಂಚ್ ಆದರೂ ಬನ್ನಿ, ಯಾವ ಮೀಡಿಯಂ ಆದರೂ ಬನ್ನಿ. ಕೋಡಿಂಗ್ ಬರಬೇಕಂತಿಲ್ಲ. ಲ ಯಾವುದು, ಳ ಯಾವುದು ಅಂತ ಗೊತ್ತಿದ್ದರೆ ಸಾಕು.